ಎಲೆತುಕ್ಕೂ ಪೆನಿಸಿಲಿನ್ನೂ

ಮೂಡಿಗೆರೆ, ಕಳಸಗಳ ಕಡೆಯ ಹಿರಿಯ ತೋಟಗಾರರೊಡನೆ ‘ಕೆಂಟ್ಸ್’ ಎಂಬ ಹೆಸರೆತ್ತಿ ನೋಡಿ. 1911ರಲ್ಲಿ ಮೈಸೂರು ಸಂಸ್ಥಾನದ ಮಲೆನಾಡಿನಲ್ಲಿ ಕೆಂಟ್ ಎಂಬ ಆಂಗ್ಲ ತೋಟಗಾರನು ಆಯ್ದು ಬೆಳೆಸಿದ ಕಾಫಿಯ ತಳಿ ಅದು. ಎಲೆತುಕ್ಕು ರೋಗವನ್ನು ತಡೆಯುವ ಗಿಡವೆಂದು ಜನ ನಂಬಿ ನೆಟ್ಟರು. ಕೆಲಕಾಲ ಆ ನಂಬಿಕೆ ನಿಂತಿತು. ತರುವಾಯ ತುಕ್ಕು ಅದನ್ನೂ ಹಿಡಿಯಿತು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತಷ್ಟೆ. ಅಲ್ಲಿ ದುಡಿದ ಮೇನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಕಾರಣವನ್ನು ಕಂಡುಹಿಡಿದನು. ತುಕ್ಕಿನ ಶಿಲೀಂಧ್ರ ಒಂದೇ ಬಗೆಯದಲ್ಲ; ಕೆಂಟ್ಸ್ ಒಂದು ಬಗೆಯನ್ನು ತಡೆಯಬಲ್ಲದು, ಮತ್ತೊಂದನ್ನು ತಡೆಯಲಾರದು. ಗಿಡ ಕೆಟ್ಟಿರಲಿಲ್ಲ, ಶತ್ರುವೇ ಬೇರೆಯಾಗಿದ್ದಿತು.

ಔಷಧದ ಕಥೆಯೂ ಇದೇ ಜಾಡಿನದು. ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಕಂಡನು. 1945ರಲ್ಲಿ ನೊಬೆಲ್ ಪಾರಿತೋಷಕ ಪಡೆದಾಗ ಮಾಡಿದ ಭಾಷಣದಲ್ಲಿಯೇ, ಅರೆಬರೆ ಔಷಧ ಸೇವಿಸಿದರೆ ಕ್ರಿಮಿಗಳು ಅದಕ್ಕೆ ಮಣಿಯದಂತಾದಾವೆಂದು ಎಚ್ಚರಿಸಿದನು. ಮೂರೇ ವರ್ಷಕ್ಕೆ, 1948ರಲ್ಲಿ, ಬ್ರಿಟನ್ನಿನ ಕ್ಷಯರೋಗಿಗಳ ಮೇಲೆ ನಡೆದ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ರೋಗಿಗಳು ಮೊದಲು ಚೇತರಿಸಿಕೊಂಡರು. ಆದರೆ ಹಲವರ ಶ್ವಾಸಕೋಶದಲ್ಲಿ ಔಷಧಕ್ಕೆ ಜಗ್ಗದ ಕ್ರಿಮಿಗಳು ಉಳಿದು ಬೆಳೆದವು. ಕ್ಷಯಕ್ಕೆ ಹಲವು ಔಷಧಗಳನ್ನು ಕೂಡಿಸಿ ತಿಂಗಳುಗಟ್ಟಲೆ ಕೊಡುವುದು ಇದಕ್ಕಾಗಿಯೇ.

‘ನನ್ನ ಮೈ ಈ ಮಾತ್ರೆಗೆ ಒಗ್ಗಿಹೋಗಿದೆ’ ಎಂದು ಕಲಿತವರೂ ಹೇಳುವುದುಂಟು. ವ್ಯಾಕರಣದಲ್ಲಿ ವಾಕ್ಯ ಶುದ್ಧ, ಕರ್ತೃಪದ ಮಾತ್ರ ತಪ್ಪು! ಒಗ್ಗುವುದು ಮೈಯಲ್ಲ, ಕ್ರಿಮಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಭಾರತವೂ ಸೇರಿ 12 ದೇಶಗಳಲ್ಲಿ ವಿಚಾರಿಸಿದಾಗ, ನೂರಕ್ಕೆ 76 ಮಂದಿ ಮೈಯನ್ನೇ ಕರ್ತೃವಾಗಿಸಿದ್ದರು. ನೆಗಡಿಗೂ ಈ ಔಷಧ ಹಿಡಿಯುತ್ತದೆಂದವರು 64. ಪದವಿ ತರಗತಿಯ ಹುಡುಗ ಫ್ಲೆಮಿಂಗನ ಇಸವಿಯನ್ನು ತಪ್ಪದೆ ಒಪ್ಪಿಸಬಲ್ಲ. ನೆಗಡಿಯಾದಾಗ ಗೆಳೆಯನ ಪೆಟ್ಟಿಗೆಯಲ್ಲಿ ಮಿಕ್ಕ ನಾಲ್ಕು ಮಾತ್ರೆಗೆ ಕೈಹಾಕುತ್ತಾನೆ. ಅಧ್ಯಾಪಕರಾದ ನಾವು ಮೇಲೆಂದು ಹೇಳುವ ಧೈರ್ಯ ನನಗಿಲ್ಲ.

ಮಲೆನಾಡಿಗೆ ಇದು ಇನ್ನೂ ಹತ್ತಿರದ ಮಾತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ ನಮ್ಮ ಜಿಲ್ಲೆಯನ್ನೂ ಮುಟ್ಟಿದೆ. ಅದು ವೈರಸ್ಸಿನ ಜ್ವರ. ಪೆನಿಸಿಲಿನ್ ಬಳಗದ ಯಾವ ಮಾತ್ರೆಯೂ ಅದನ್ನು ಕೊಲ್ಲದು. ಜ್ವರ ಬಂದೊಡನೆ ಅಂಗಡಿಯಿಂದ ಮಾತ್ರೆ ತಂದು ಮೂರು ದಿನ ನುಂಗುತ್ತ ಕೂತ ಕೂಲಿಯವನು, ಆಸ್ಪತ್ರೆ ಸೇರಬೇಕಾದ ಆ ಮೂರು ದಿನಗಳನ್ನೇ ಕಳೆದುಕೊಳ್ಳುತ್ತಾನೆ.

2014ರ ಮಾರ್ಚ್ 1ರಿಂದ, ಕ್ಷಯದ ಔಷಧಗಳೂ ಸೇರಿ 46 ಔಷಧಗಳನ್ನು ವೈದ್ಯರ ಚೀಟಿಯ ಮೇಲೆಯೇ ಮಾರಿ, ರೋಗಿಯ ಹೆಸರನ್ನೂ ವೈದ್ಯರ ಹೆಸರನ್ನೂ ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಮೂರು ವರ್ಷ ಇಡಬೇಕೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದಿದೆ. ಮನೆಯ ಗೂಡಿನಲ್ಲಿ ಮಿಕ್ಕ ಮಾತ್ರೆಗೆ ಅಂಥ ಪುಸ್ತಕವಿಲ್ಲ.