ಟೊರೆಂಟ್ ಡೌನ್‌ಲೋಡ್ ನಿಧಾನವೇ? ಅಪ್‌ಲೋಡ್ ಕಡೆ ನೋಡಿ

ಬ್ರಾಡ್‌ಬ್ಯಾಂಡ್ ಎಷ್ಟೇ ವೇಗದ್ದಾಗಿರಲಿ, ಟೊರೆಂಟ್ ಮೂಲಕ ಕಡತ ಇಳಿಸಿಕೊಳ್ಳುವಾಗ ಮಾತ್ರ ಕುಂಟುತ್ತದೆ ಎಂಬುದು ಅನೇಕ ಗಣಕ ಬಳಕೆದಾರರ ದೂರು. ದೋಷ ಎಷ್ಟೋ ಬಾರಿ ಸಂಪರ್ಕದ್ದಲ್ಲ, ತಂತ್ರಾಂಶದ ಹೊಂದಾಣಿಕೆಯದು.

ಅಮೆರಿಕದ ಬ್ರಾಮ್ ಕೊಹೆನ್ 2001ರಲ್ಲಿ ರೂಪಿಸಿದ ಬಿಟ್‌ಟೊರೆಂಟ್ ವ್ಯವಸ್ಥೆಯಲ್ಲಿ ಕಡತ ಒಂದೇ ಸರ್ವರ್‌ನಿಂದ ಬರುವುದಿಲ್ಲ. ಅದನ್ನು ಪಡೆಯುತ್ತಿರುವವರೆಲ್ಲ ತಮ್ಮಲ್ಲಿರುವ ತುಣುಕುಗಳನ್ನು ಪರಸ್ಪರ ಹಂಚಿಕೊಳ್ಳುತ್ತಾರೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯಂತೆ, ಇಲ್ಲಿ ಕೊಟ್ಟವನಿಗೆ ಕೊಡುವುದೇ ನಿಯಮ. ಕೊಹೆನ್ ಅವರ ಮೂಲ ವಿನ್ಯಾಸದ ಪ್ರಕಾರ ತಂತ್ರಾಂಶವು 10 ಸೆಕೆಂಡಿಗೊಮ್ಮೆ ಲೆಕ್ಕ ನೋಡಿ, ತನಗೆ ವೇಗವಾಗಿ ಕೊಡುತ್ತಿರುವ ಕೆಲವರಿಗೇ ತುಣುಕು ಕಳುಹಿಸುತ್ತದೆ. 30 ಸೆಕೆಂಡಿಗೊಮ್ಮೆ ಬೇರೊಬ್ಬರಿಗೆ ಅವಕಾಶ ನೀಡುತ್ತದೆ. ಅಪ್‌ಲೋಡ್ ಮಿತಿಯನ್ನು ತೀರಾ ಇಳಿಸಿಟ್ಟ ಜಾಣರು ಬಹುಪಾಲು ಈ ಎರಡನೆಯ ಸಾಲಿನಲ್ಲೇ ಕಾಯಬೇಕು. ಪೂರ್ಣ ಕಡತವುಳ್ಳ 'ಸೀಡರ್'ಗಳು ಮಾತ್ರ ಏನನ್ನೂ ಮರಳಿ ನಿರೀಕ್ಷಿಸುವುದಿಲ್ಲ. ಹೀಗಾಗಿ ಸೀಡರ್‌ಗಳ ಸಂಖ್ಯೆ ಹೆಚ್ಚಿರುವ ಟೊರೆಂಟನ್ನೇ ಆರಿಸಿಕೊಳ್ಳಿ. ಸೀಡರ್ ಒಬ್ಬರೂ ಇಲ್ಲದೆ, ಉಳಿದವರೆಲ್ಲರ ಬಳಿ ಸೇರಿಯೂ ಎಲ್ಲ ತುಣುಕುಗಳು ಇಲ್ಲವಾದರೆ ಯಾವ ಉಪಾಯವೂ ಫಲಿಸದು.

ಹಾಗೆಂದು ಅಪ್‌ಲೋಡನ್ನು ಪೂರ್ತಿ ತೆರೆದಿಡುವುದೂ ತಪ್ಪು. ಡೌನ್‌ಲೋಡ್ ಆಗುವ ದತ್ತಾಂಶ ತಲುಪಿತೆಂಬ ಸ್ವೀಕೃತಿ ಸಂದೇಶಗಳೂ ಅಪ್‌ಲೋಡ್ ಹಾದಿಯಲ್ಲೇ ಹೋಗಬೇಕು. ಆ ಹಾದಿ ಕಿಕ್ಕಿರಿದರೆ ಡೌನ್‌ಲೋಡ್ ಕೂಡ ನಿಧಾನವಾಗುತ್ತದೆ. ದೂರವಾಣಿ ತಂತಿಯ ಎಡಿಎಸ್‌ಎಲ್ ಸಂಪರ್ಕಗಳಲ್ಲಿ ಅಪ್‌ಲೋಡ್ ಹಾದಿ ಕಿರಿದಾದ್ದರಿಂದ ಈ ಕಾಟ ಹೆಚ್ಚು. ಅಪ್‌ಲೋಡ್ ಸಾಮರ್ಥ್ಯದ ಸುಮಾರು ಶೇ. 80ಕ್ಕೆ ಮಿತಿ ಹಾಕುವುದು ಬಹುಕಾಲದಿಂದ ನಡೆದುಬಂದ ರೂಢಿ. ದಟ್ಟಣೆ ಕಂಡೊಡನೆ ತಾನೇ ಹಿಂಜರಿಯುವ ಯುಟಿಪಿ ವಿಧಾನ ಇಂದಿನ ತಂತ್ರಾಂಶಗಳಲ್ಲಿದ್ದರೂ ಮಿತಿ ಹಾಕುವುದರಿಂದ ನಷ್ಟವೇನಿಲ್ಲ.

ದೂರುವ ಮುನ್ನ ಮಾನದಂಡವನ್ನೂ ಗಮನಿಸಿ. ಕಂಪನಿಗಳು ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತವೆ, ಟೊರೆಂಟ್ ತಂತ್ರಾಂಶಗಳು ಸಾಮಾನ್ಯವಾಗಿ ಬೈಟ್‌ಗಳಲ್ಲಿ ತೋರಿಸುತ್ತವೆ. 8 ಬಿಟ್‌ಗೆ 1 ಬೈಟ್. 40 ಮೆಗಾಬಿಟ್ ಸಂಪರ್ಕದಲ್ಲಿ 5 ಮೆಗಾಬೈಟ್ ಕಂಡರೆ ಅದೇ ಪೂರ್ಣ ವೇಗ.

ಇನ್ನು ಪೋರ್ಟ್ ವಿಚಾರ. ಹೊರಗಿನವರು ನಿಮ್ಮ ಗಣಕವನ್ನು ಸಂಪರ್ಕಿಸಲಾಗದಿದ್ದರೆ ಪಾಲುದಾರರ ಸಂಖ್ಯೆ ಕುಗ್ಗುತ್ತದೆ. ತಂತ್ರಾಂಶದಲ್ಲಿರುವ ಪೋರ್ಟ್ ಸಂಖ್ಯೆಯನ್ನೇ ರೌಟರ್‌ನಲ್ಲಿ 'ಪೋರ್ಟ್ ಫಾರ್ವರ್ಡಿಂಗ್' ಮೂಲಕ ತೆರೆಯಿರಿ. ಫೈರ್‌ವಾಲ್‌ನಲ್ಲೂ ಅನುಮತಿ ಕೊಡಿ. ಹಳೆಯ 6881ರಿಂದ 6889ರವರೆಗಿನ ಸಂಖ್ಯೆಗಳನ್ನು ಬಿಡುವುದು ಲೇಸು, ಏಕೆಂದರೆ ತಡೆಯುವವರು ಮೊದಲು ಹುಡುಕುವುದು ಅವನ್ನೇ. ಕೆಲವು ಕಂಪನಿಗಳು, ವಿಶೇಷವಾಗಿ ಮೊಬೈಲ್ ಸಂಪರ್ಕದಲ್ಲಿ, ಒಂದೇ ಐಪಿ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ಅಲ್ಲಿ ರೌಟರ್ ತಿದ್ದಿ ಪ್ರಯೋಜನವಿಲ್ಲ. ಐಪಿವಿ6 ಸೌಲಭ್ಯವಿದ್ದರೆ ಅದನ್ನು ಚಾಲನೆಗೊಳಿಸಿ. ವೇಗ ದುಪ್ಪಟ್ಟು ಮಾಡುತ್ತೇವೆನ್ನುವ 'ಬೂಸ್ಟರ್' ತಂತ್ರಾಂಶಗಳ ಗೊಡವೆ ಮಾತ್ರ ಬೇಡ.

ಡೆಬಿಯನ್ ಲಿನಕ್ಸ್, ಲಿಬ್ರೆ ಆಫೀಸ್ ಮುಂತಾದವನ್ನು ಅವುಗಳ ನಿರ್ಮಾತೃಗಳೇ ಟೊರೆಂಟ್ ಮೂಲಕ ಒದಗಿಸುತ್ತಾರೆ. ವೇಗ ಪರೀಕ್ಷಿಸಲು ಇವು ಸೂಕ್ತ. ಹೊಸ ಚಿತ್ರಗಳ ಪ್ರಶ್ನೆ ಬೇರೆ. ಟೊರೆಂಟ್‌ನಲ್ಲಿ ಇಳಿಸಿಕೊಳ್ಳುವವರು ಅದೇ ಹೊತ್ತಿಗೆ ಹಂಚುವವರೂ ಹೌದು, ಅವರ ಐಪಿ ವಿಳಾಸ ಉಳಿದ ಪಾಲುದಾರರಿಗೆ ಕಾಣುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಡಿ ಉಲ್ಲಂಘನೆಗೆ 3 ವರ್ಷದವರೆಗೆ ಸೆರೆವಾಸ, 2 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ.