ವಾಟರ್ ಸರ್ವಿಸ್ ಹುಡುಗ ಮತ್ತು ಒಂದು ಡಬ್ಬಿ ಮೇಣ

ಆಯುಧ ಪೂಜೆಯ ಹಿಂದಿನ ದಿನ ನಮ್ಮಂಥ ಜಿಲ್ಲಾ ಸ್ಟ್ರಿಂಜರ್‌ಗಳಿಗೆ ಡೆಸ್ಕಿನಿಂದ ಬರುವ ಫೋನು ಯಾವ ವರ್ಷವೂ ಬದಲಾಗುವುದಿಲ್ಲ. 'ಚೆಂಡುಹೂ, ಬೂದುಗುಂಬಳದ ರೇಟು ಹಾಕಿ, ಗಾಡಿ ತೊಳೀತಿರೋ ಒಂದು ಫೋಟೊ ಕಳಿಸಿ.' 2023ರ ಅಕ್ಟೋಬರಿನಲ್ಲೂ ಅದೇ ಬಂತು. ಆ ವರ್ಷ ಮಳೆ ಕೈಕೊಟ್ಟಿತ್ತು. ಕಾವೇರಿ ನೀರಿಗಾಗಿ ಮಂಡ್ಯ ಜಿಲ್ಲೆಯಲ್ಲಿ ಧರಣಿ, ಬಂದ್ ನಡೆದಿದ್ದವು. ತಿಂಗಳಿಡೀ ಧರಣಿ ಪೆಂಡಾಲಿನ ಸುದ್ದಿ ಬರೆದವನು ಅವತ್ತು ಬೈಪಾಸ್ ಪಕ್ಕದ ವಾಟರ್ ಸರ್ವಿಸ್‌ಗೆ ಹೋದೆ.

ಸಾಲು ರಸ್ತೆಯವರೆಗೂ ಬಂದಿತ್ತು. ಗೂಡ್ಸ್ ಆಟೊ, ಟ್ರ್ಯಾಕ್ಟರ್, ಬೈಕು, ನಡುನಡುವೆ ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಕಾರುಗಳು. ತೊಳೆಯುತ್ತಿದ್ದವನು ಇಪ್ಪತ್ತರ ಆಸುಪಾಸಿನ ಹುಡುಗ. ಅವನ ಕಾಲ್ಬೆರಳ ಸಂದಿಗಳು ಬೆಳ್ಳಗೆ ಬಿರಿದಿದ್ದವು. ನಾಟಿ ಸಮಯದಲ್ಲಿ ನಮ್ಮ ಕಡೆ ಹೆಂಗಸರಿಗೆ ಆಗುವ ಕೆಸರುಹುಣ್ಣು ಅದು. ಗದ್ದೆಗೆ ಇಳಿಯದ ಹುಡುಗನಿಗೆ ವರ್ಷವಿಡೀ ಅದಿತ್ತು. ಒಂದು ಬಿಳಿ ಕಾರಿನವರು ವ್ಯಾಕ್ಸ್ ಪಾಲಿಶ್ ಕೇಳಿದರು. ಹುಡುಗ ಒಳಗಿಂದ ಚಪ್ಪಟೆ ಡಬ್ಬಿಯೊಂದನ್ನು ತಂದು ನನ್ನ ಮುಂದೆ ಹಿಡಿದ.

'ಅಣ್ಣ, ನೀವು ಓದ್ದೋರು. ಇದ್ರ ಮೇಲೆ ಏನೋ ಬರ್ದವ್ರೆ, ಏನದು?'

'ಕಾರ್ನೌಬಾ' ಎಂದಿತ್ತು. ನನಗೂ ಗೊತ್ತಿರಲಿಲ್ಲ. ಫೋಟೊ ಕಳಿಸಿ ಮನೆಗೆ ಬಂದ ಮೇಲೆ ಹುಡುಕಲು ಕೂತೆ. ಆ ಹುಡುಕಾಟ ಕುದುರೆ ಸಾರೋಟಿನ ಕಾಲದವರೆಗೂ ಹೋಯಿತು.

ಕಾರು ತೊಳೆಯುವ ವಿದ್ಯೆ ಕಾರಿಗಿಂತ ಹಳೆಯದು. ಯುರೋಪು, ಅಮೆರಿಕದ ಸಿರಿವಂತರ ಸಾರೋಟುಗಳಿಗೆ ಕೈಕುಂಚದಲ್ಲಿ ಒಂದರ ಮೇಲೊಂದು ಪದರ ಬಣ್ಣ ಬಳಿದು, ಮೇಲೆ ವಾರ್ನಿಶ್ ಹೊಡೆಯುತ್ತಿದ್ದರು. ಆ ವಾರ್ನಿಶ್ ಬಹಳ ಸೂಕ್ಷ್ಮ. ಕೆಸರು ಮೈಮೇಲೆ ಒಣಗಿದರೆ ಕಲೆ ಉಳಿಯುತ್ತಿತ್ತು, ಹಾಗಾಗಿ ಎಷ್ಟು ಹೊತ್ತಿಗೆ ಬಂದರೂ ತಣ್ಣೀರು ಸುರಿದು, ಮೆತ್ತನೆಯ ಚರ್ಮದ ತುಂಡಿನಲ್ಲಿ ಒರೆಸಿಯೇ ಒಳಗೆ ನಿಲ್ಲಿಸಬೇಕಿತ್ತು. ಕುದುರೆ ಗಂಜಲದ ಘಾಟಿಗೂ ವಾರ್ನಿಶ್ ಮಂಕಾಗುತ್ತದೆ ಎಂದು ಲಾಯದಿಂದ ದೂರದಲ್ಲಿ ಸಾರೋಟಿನ ಮನೆ ಕಟ್ಟುತ್ತಿದ್ದರು. (ನಾವೀಗ ಗಣಪತಿ ಮೂರ್ತಿ ಕೂರಿಸುವ ಡ್ಯಾಶ್‌ಬೋರ್ಡ್ ಕೂಡ ಅಲ್ಲಿಂದಲೇ ಬಂದದ್ದು. ಕುದುರೆ ಗೊರಸಿನಿಂದ ಸಿಡಿಯುವ ಕೆಸರು ಕೂತವರ ಮೇಲೆ ಬೀಳದಿರಲಿ ಎಂದು ಮುಂದೆ ನಿಲ್ಲಿಸುತ್ತಿದ್ದ ಹಲಗೆಗೆ ಆ ಹೆಸರು.)

ಮೊದಲ ಕಾರುಗಳಿಗೆ ಬಣ್ಣ ಬಳಿದವರು ಇದೇ ಸಾರೋಟಿನ ಕಸುಬುದಾರರು. ಒಂದು ಕಾರಿಗೆ ಬಣ್ಣ ಹಚ್ಚಿ ಒಣಗಿಸುವುದಕ್ಕೆ ವಾರಗಟ್ಟಲೆ ಬೇಕಾಗುತ್ತಿತ್ತು. ಅಷ್ಟು ದುಬಾರಿ ಮೈಯನ್ನು ತೊಳೆಯುವ ಕೆಲಸ ಮಾಲೀಕನದಾಗಿರಲಿಲ್ಲ. ಅದಕ್ಕೆ ಷೋಫರ್ ಇದ್ದ. ಫ್ರೆಂಚ್ ಭಾಷೆಯಲ್ಲಿ ಆ ಪದದ ಮೂಲ ಅರ್ಥ ಬೆಂಕಿ ಉರಿಸುವವನು, ಅಂದರೆ ಹಬೆ ಯಂತ್ರಕ್ಕೆ ಕಲ್ಲಿದ್ದಲು ಹಾಕುವವನು. ನಮ್ಮಲ್ಲಿ ಲಾರಿಗೆ ಹತ್ತುವ ಹುಡುಗನಿಗೆ 'ಕ್ಲೀನರ್' ಎಂಬ ಹೆಸರು ಬಂದಿದೆ. ಅವನು ಲೋಡು ಬಿಗಿಯುತ್ತಾನೆ, ಟೈರು ಬಿಚ್ಚುತ್ತಾನೆ, ರಾತ್ರಿ ಕಾವಲು ಕೂರುತ್ತಾನೆ. ಹೆಸರಿನಲ್ಲಿ ಮಾತ್ರ ತೊಳೆಯುವ ಕೆಲಸವೇ ಉಳಿದಿದೆ.

ಹೆನ್ರಿ ಫೋರ್ಡ್ 1913ರಲ್ಲಿ ಕಾರನ್ನು ಚಲಿಸುವ ಸಾಲಿನ ಮೇಲೆ ಜೋಡಿಸಲು ಶುರು ಮಾಡಿದ ಮೇಲೆ ಬಣ್ಣ ಒಣಗುವುದನ್ನು ಕಾಯುತ್ತ ಕೂರಲು ಯಾರಿಗೂ ಪುರುಸೊತ್ತು ಇರಲಿಲ್ಲ. 1914ರಿಂದ 1925ರವರೆಗೆ ಮಾಡೆಲ್ ಟಿ ಕಾರು ಕಪ್ಪು ಬಣ್ಣದಲ್ಲೇ ಬಂತು. ಅದೇ 1914ರಲ್ಲಿ, ಅದೇ ಡೆಟ್ರಾಯಿಟ್ ನಗರದಲ್ಲಿ, ಕಾರುಗಳ ಲಾಂಡ್ರಿಯೊಂದು ತೆರೆಯಿತು. ಅಲ್ಲಿ ಯಂತ್ರ ಇರಲಿಲ್ಲ. ಕಾರನ್ನು ಕೈಯಲ್ಲೇ ತಳ್ಳಿಕೊಂಡು ಹೋಗುತ್ತಿದ್ದರು. ಒಬ್ಬ ಸೋಪು ಹಚ್ಚಿದರೆ ಇನ್ನೊಬ್ಬ ನೀರು ಹೊಡೆಯುತ್ತಿದ್ದ, ಮತ್ತೊಬ್ಬ ಒರೆಸುತ್ತಿದ್ದ. ಕಾರ್ಖಾನೆಯಲ್ಲಿ ಜೋಡಣೆಯ ಸಾಲು ಇದ್ದಂತೆ ಇಲ್ಲಿ ತೊಳೆಯುವ ಸಾಲು.

ಬಣ್ಣದ ತೊಂದರೆ ಬಗೆಹರಿದದ್ದು ಡ್ಯುಪಾಂಟ್ ಕಂಪನಿಯ ಡ್ಯೂಕೋ ಬಂದ ಮೇಲೆ. ಜನರಲ್ ಮೋಟಾರ್ಸ್‌ನವರ ಓಕ್‌ಲ್ಯಾಂಡ್ ಕಾರು 1924ರ ಮಾದರಿಯಲ್ಲಿ ಇದೇ ಬಣ್ಣದಲ್ಲಿ ನೀಲಿಯಾಗಿ ಬಂತು. ಸ್ಪ್ರೇ ಮಾಡಿದರೆ ಗಂಟೆಗಳಲ್ಲಿ ಒಣಗುವ ಬಣ್ಣ. ನಮ್ಮ ಪೇಟೆಯ ಟಿಂಕರಿಂಗ್ ಶೆಡ್ಡುಗಳಲ್ಲಿ, ಬಡಗಿಗಳ ಬಾಯಲ್ಲಿ ಇವತ್ತಿಗೂ ಸ್ಪ್ರೇ ಪೇಂಟಿಗೆ 'ಡ್ಯೂಕೋ' ಎನ್ನುವುದು ಆ ಹೆಸರಿನಿಂದಲೇ. ಆದರೆ ಈ ಬಣ್ಣಕ್ಕೆ ಒಂದು ಕೊರೆ ಇತ್ತು. ಒಣಗಿದಾಗ ತಾನಾಗಿ ಹೊಳೆಯುತ್ತಿರಲಿಲ್ಲ, ಉಜ್ಜಿ ಹೊಳಪು ಬರಿಸಬೇಕಿತ್ತು. ಬಿಸಿಲಿನಲ್ಲಿ ನಿಲ್ಲಿಸಿದರೆ ಕೆಲವೇ ಕಾಲದಲ್ಲಿ ಸುಣ್ಣದ ಪುಡಿ ಮೆತ್ತಿದಂತೆ ಮಂಕಾಗುತ್ತಿತ್ತು. ಆಗ ಪಾಲಿಶ್ ಹಾಕಿ ಸತ್ತ ಪದರ ತೆಗೆಯಬೇಕು, ಮೇಲೆ ಮೇಣ ಮೆತ್ತಿ ಕಾಪಾಡಬೇಕು. ಕಾರಿಗೆ ವ್ಯಾಕ್ಸ್ ಹಚ್ಚುವುದು ಶೋಕಿಯಾಗಿ ಹುಟ್ಟಿದ್ದಲ್ಲ. ಆ ಬಣ್ಣಕ್ಕೆ ಅದಿಲ್ಲದೆ ಆಗುತ್ತಿರಲಿಲ್ಲ.

ಮೇಣದ ವ್ಯಾಪಾರಿಗಳು ಇದನ್ನು ಚೆನ್ನಾಗಿ ಬಳಸಿಕೊಂಡರು. ಸಿಮೊನಿಜ಼್ ಎಂಬ ಮೇಣ ಎಷ್ಟು ಜನಪ್ರಿಯವಾಯಿತೆಂದರೆ, ಕಾರು ಉಜ್ಜಿ ಹೊಳಪು ಮಾಡುವುದಕ್ಕೇ ಅಮೆರಿಕದ ನಿಘಂಟಿನಲ್ಲಿ ಆ ಹೆಸರಿನ ಕ್ರಿಯಾಪದ ಸೇರಿತು. 1940ರ ದಶಕದಲ್ಲಿ ಷಿಕಾಗೊದ ಬೆನ್ ಹರ್ಷ್ ಎಂಬಾತ ಮನೆಯ ಸ್ನಾನದ ತೊಟ್ಟಿಯಲ್ಲೇ ಪಾಲಿಶ್ ಕಲಸುತ್ತಿದ್ದನಂತೆ. ನಿಂತಿರುವ ಯಾರದೋ ಕಾರಿನ ಒಂದು ಮಡ್‌ಗಾರ್ಡ್ ಮಾತ್ರ ಫಳಫಳ ಹೊಳೆಯುವಂತೆ ಉಜ್ಜಿ, ಮಾಲೀಕ ಬರುವವರೆಗೆ ಕಾಯುತ್ತಿದ್ದನಂತೆ. ಒಂದು ಕಡೆ ಹೊಳೆದು ಉಳಿದದ್ದು ಮಂಕಾಗಿ ಕಂಡರೆ ಯಾರು ತಾನೆ ಡಬ್ಬಿ ಕೊಳ್ಳುವುದಿಲ್ಲ? ಟರ್ಟಲ್ ವ್ಯಾಕ್ಸ್ ಕಂಪನಿ ಹುಟ್ಟಿದ್ದು ಹಾಗೆ. ಸಂತೆಯಲ್ಲಿ ಹಿತ್ತಾಳೆ ಚೊಂಬಿನ ಅರ್ಧ ಭಾಗ ಉಜ್ಜಿ ತೋರಿಸಿ ಪುಡಿ ಮಾರುವವರು ನನಗೆ ನೆನಪಾದರು.

ಇನ್ನು ಡಬ್ಬಿಯ ಮೇಲಿನ ಹೆಸರು. ಕಾರ್ನೌಬಾ ಒಂದು ಮರ. ಬ್ರೆಜಿಲ್ ದೇಶದ ಈಶಾನ್ಯದಲ್ಲಿ ಸಿಯಾರಾ, ಪಿಯಾವಿ, ರಿಯೊ ಗ್ರಾಂಡೆ ಡೊ ನಾರ್ಟೆ ಎಂಬ ರಾಜ್ಯಗಳಿವೆ. ಪದೇಪದೇ ಬರ ಬೀಳುವ ಸೀಮೆ. ಅಲ್ಲಿ ನಮ್ಮ ತಾಳೆಮರದಂತೆ ಬೀಸಣಿಗೆ ಎಲೆ ಬಿಡುವ ಮರ ಇದು. ಬೇಸಿಗೆಯ ಬಿಸಿಲಿಗೆ ಎಲೆಯಿಂದ ನೀರು ಆವಿಯಾಗಿ ಹೋಗದಿರಲಿ ಎಂದು ಎಲೆಯ ಮೇಲೆ ತೆಳ್ಳನೆ ಮೇಣ ಹೊದ್ದುಕೊಳ್ಳುತ್ತದೆ. ಬಾಳೆಎಲೆಯ ಮೇಲೆ ನೀರು ನಿಲ್ಲದೆ ಮಣಿಯಾಗಿ ಉರುಳುವುದಕ್ಕೂ ಇಂಥದೇ ಮೇಣ ಕಾರಣ, ಆದರೆ ಕಾರ್ನೌಬಾದ್ದು ದಪ್ಪ. ಮತ್ತು ಪ್ರಕೃತಿಯಲ್ಲಿ ಸಿಗುವ ಮೇಣಗಳಲ್ಲೇ ಅತಿ ಗಟ್ಟಿ. ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಇದಕ್ಕೆ 80 ಡಿಗ್ರಿಗೂ ಮೇಲೆ ಬೇಕು. ಬಿಸಿಲಲ್ಲಿ ಕಾದ ಕಾರಿನ ಬಾನೆಟ್ ಮೇಲೂ ಅದು ನಿಲ್ಲುವುದು ಇದಕ್ಕೇ. ಹಾಗೇ ಹಚ್ಚಲಾಗದಷ್ಟು ಗಟ್ಟಿಯಾದ್ದರಿಂದ ದ್ರಾವಕ, ಬೇರೆ ಮೇಣ ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಹಚ್ಚಿದಾಗ ಅದು ಬಣ್ಣದ ಸಣ್ಣ ಗೀರುಗಳನ್ನು ತುಂಬುತ್ತದೆ. ಮೈ ನುಣುಪಾಗಿ, ಬೆಳಕು ಚದುರದೆ, ಕನ್ನಡಿಯಂತೆ ಕಾಣುತ್ತದೆ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮರದ ನೆಲಹಾಸು ಮಾರುತ್ತ ಶುರುವಾಗಿ, ಆಮೇಲೆ ನೆಲಕ್ಕೆ ಹಚ್ಚುವ ಮೇಣಕ್ಕೆ ಹೆಸರಾದ ಜಾನ್ಸನ್ ಕಂಪನಿಗೆ ಈ ಮರವೇ ಆಧಾರವಾಗಿತ್ತು. ಅದರ ಮುಖ್ಯಸ್ಥ ಎಚ್. ಎಫ್. ಜಾನ್ಸನ್ 1935ರಲ್ಲಿ ನೆಲ, ನೀರು ಎರಡರ ಮೇಲೂ ಇಳಿಯುವ ಸಿಕೊರ್ಸ್ಕಿ ವಿಮಾನದಲ್ಲಿ ಮರ ಹುಡುಕಿಕೊಂಡು ಬ್ರೆಜಿಲ್‌ನ ಫೋರ್ಟಲೆಜ಼ಾವರೆಗೆ ಹಾರಿದ. ಆ ಪ್ರಯಾಣದ ಬಗ್ಗೆ ಪುಸ್ತಕ, ಚಿತ್ರ ಎಲ್ಲ ಇವೆ. 1998ರಲ್ಲಿ ಮಗ ಅದೇ ದಾರಿಯಲ್ಲಿ ಮತ್ತೆ ಹಾರಿದ್ದೂ ದಾಖಲಾಗಿದೆ. ಎಲೆ ಕೊಯ್ಯುವವರ ಬಗ್ಗೆ ಅಷ್ಟು ಸುಲಭವಾಗಿ ಏನೂ ಸಿಗಲಿಲ್ಲ.

ಕೆಲಸ ಹೀಗಿದೆ. ಉದ್ದನೆಯ ಬಿದಿರಿನ ದೋಟಿಗೆ ಕುಡುಗೋಲು ಕಟ್ಟಿ, ಕತ್ತೆತ್ತಿ ನಿಂತು, ಎತ್ತರದ ಮರದಿಂದ ಎಲೆ ಕೊಯ್ಯಬೇಕು. ತೊಟ್ಟಿನಲ್ಲಿ ಮುಳ್ಳಿರುತ್ತದೆ. ಆಯ್ದು, ಹೊತ್ತು, ಬಯಲಿನಲ್ಲಿ ಹರವಿ ಒಣಗಿಸಬೇಕು. ಒಣಗಿದ ಎಲೆಯನ್ನು ಸೀಳಿ ಬಡಿದರೆ ಹಿಟ್ಟಿನಂಥ ಪುಡಿ ಉದುರುತ್ತದೆ. ಅದನ್ನು ಕರಗಿಸಿ, ಸೋಸಿ ಗಟ್ಟಿ ಮಾಡಿದರೆ ಮೇಣ. ಇದೆಲ್ಲ ಒಣ ಕಾಲದ ಕೆಲವೇ ತಿಂಗಳ ದುಡಿಮೆ. ತೋಪುಗಳಲ್ಲಿ ಕೂಲಿಗಳು ಬಯಲಲ್ಲೇ ಮಲಗುವುದು, ಶೌಚಾಲಯವಾಗಲಿ ಕುಡಿಯಲು ಶುದ್ಧ ನೀರಾಗಲಿ ಇಲ್ಲದಿರುವುದು ಬ್ರೆಜಿಲ್ ಸರ್ಕಾರದ ಕಾರ್ಮಿಕ ತಪಾಸಕರ ಕಣ್ಣಿಗೆ ಬಿದ್ದಿದೆ. ಜೀತಕ್ಕೆ ಸಮನಾದ ಸ್ಥಿತಿ ಎಂದು ಅಂಥ ತೋಪುಗಳಿಂದ ಜನರನ್ನು ಬಿಡಿಸಿದ್ದೂ ಉಂಟು. 2017ರಲ್ಲಿ ಜರ್ಮನಿಯ ಟಿ.ವಿ. ಸಾಕ್ಷ್ಯಚಿತ್ರವೊಂದು ಇದನ್ನು ತೋರಿಸಿದಾಗ ಅಲ್ಲಿ ಗದ್ದಲವಾಯಿತು. ಗದ್ದಲ ಕಾರಿನ ಕಾರಣಕ್ಕಲ್ಲ, ಮಕ್ಕಳು ತಿನ್ನುವ ಮಿಠಾಯಿಯ ಕಾರಣಕ್ಕೆ. ಮಿಠಾಯಿ, ಮಾತ್ರೆ, ಅಂಗಡಿಯಲ್ಲಿ ಹೊಳೆಯುವ ಸೇಬು, ಇವಕ್ಕೆಲ್ಲ ಇದೇ ಮೇಣ ಸವರುತ್ತಾರೆ.

ಕಾರು ತೊಳೆಯುವವರ ಕಥೆಯೂ ಇದಕ್ಕಿಂತ ದೂರ ಇಲ್ಲ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬ್ರಷ್ಷು ತಿರುಗುವ, ಕಾರು ತಾನಾಗಿ ಮುಂದೆ ಸಾಗುವ ಯಂತ್ರಗಳು ಬಂದವು. ಆದರೆ ಕೊನೆಗೆ ಒರೆಸುವ ಕೈ ಹೋಗಲಿಲ್ಲ. ಲಾಸ್ ಏಂಜಲೀಸ್ ಕಡೆ ಆ ಕೈಗಳು ಬಹುಪಾಲು ವಲಸೆ ಬಂದ ಬಡವರದ್ದು. ಸಂಬಳವೇ ಇಲ್ಲದೆ ಬರೀ ಟಿಪ್ಸ್‌ಗೆ ದುಡಿಸಿಕೊಳ್ಳುವ ದೂರುಗಳು ಹೆಚ್ಚಿದ ಮೇಲೆ ಕ್ಯಾಲಿಫೋರ್ನಿಯಾ ಸರ್ಕಾರ 2003ರಲ್ಲಿ ಕಾರ್ ವಾಷ್ ಕಾರ್ಮಿಕರಿಗೆಂದೇ ಕಾನೂನು ಮಾಡಿತು. ಸಂಘ ಕಟ್ಟಿಕೊಂಡು ಮೊದಲ ಒಪ್ಪಂದ ಮಾಡಿಕೊಳ್ಳಲು ಅವರಿಗೆ 2011ರವರೆಗೆ ಹಿಡಿಯಿತು. ಬ್ರಿಟನ್ನಿನಲ್ಲಿ ಯಂತ್ರಗಳನ್ನು ಹಿಂದಿಕ್ಕಿ ಕೈಯಲ್ಲಿ ತೊಳೆಯುವ ಅಂಗಡಿಗಳೇ ಹೆಚ್ಚಾದವು, ಏಕೆಂದರೆ ಕೂಲಿ ಅಷ್ಟು ಅಗ್ಗ. 2018ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯೊಂದು ಈ ಅಂಗಡಿಗಳ ಶೋಷಣೆಯನ್ನೂ, ಚರಂಡಿಗೆ ಬಿಡುವ ಎಣ್ಣೆನೀರನ್ನೂ ಸೇರಿಸಿ ವರದಿ ಕೊಟ್ಟಿತು.

ನಮ್ಮ ಕಡೆ ಈ ಚರಿತ್ರೆ ಬೇರೆ ದಾರಿಯಲ್ಲಿ ಬಂತು. ಸಂಕ್ರಾಂತಿಗೆ ಕಿಚ್ಚು ಹಾಯಿಸುವ ಮೊದಲು ಎತ್ತಿನ ಮೈ ತೊಳೆಯುತ್ತಿದ್ದ ಕೆರೆ ಮೆಟ್ಟಿಲ ಹತ್ತಿರವೇ ಆಮೇಲೆ ಟ್ರ್ಯಾಕ್ಟರ್ ಇಳಿಯಿತು, ಲಾರಿ ಇಳಿಯಿತು. ನಮ್ಮ ಸೋದರಮಾವ ಬಾಡಿಗೆಗೆ ಓಡಿಸುತ್ತಿದ್ದ ಅಂಬಾಸಿಡರ್ ಕಾರನ್ನು ಬಟ್ಟೆ ಸೋಪಿನ ಪುಡಿಯಲ್ಲಿ ತೊಳೆದು, ಟೈರಿಗೆ, ಬಂಪರಿಗೆ ಸೀಮೆಎಣ್ಣೆ ಬಟ್ಟೆ ಆಡಿಸುತ್ತಿದ್ದ. ಎರಡು ದಿನ ಮಿರಮಿರ ಮಿಂಚುತ್ತಿತ್ತು, ಮೂರನೇ ದಿನ ಊರ ಧೂಳೆಲ್ಲ ಅದಕ್ಕೇ ಅಂಟುತ್ತಿತ್ತು. ಬೆಳಗ್ಗೆ ಎದ್ದು ಒಣಬಟ್ಟೆಯಲ್ಲಿ ಧೂಳು ಒರೆಸುತ್ತಿದ್ದುದಂತೂ ಉಪ್ಪುಕಾಗದ ಹಾಕಿದಂತೆ ಎಂದು ಈಗ ತಿಳಿದವರು ಹೇಳುತ್ತಾರೆ. ಸೋಪಿನ ಪುಡಿಯೂ ಹಾಗೇ, ಇದ್ದಬದ್ದ ಮೇಣವನ್ನೂ ತೊಳೆದುಬಿಡುತ್ತದೆ. ಮಾವನಿಗೆ ಇದನ್ನು ಹೇಳಿದೆ. 'ಆ ಗಾಡಿ ಓಡುಸ್ಕಂಡು ಮೂರ್ ಮದ್ವೆ ಮಾಡಿವ್ನಿ, ಬಿಡಪ್ಪ' ಅಂದ.

ಈಗಿನ ಕಾರುಗಳ ಬಣ್ಣದ ಮೇಲೆ ಕಂಪನಿಯಲ್ಲೇ ಪಾರದರ್ಶಕ ಪದರವೊಂದನ್ನು ಹೊಡೆದಿರುತ್ತಾರೆ. ವಿದೇಶದಲ್ಲಿ 1980ರ ದಶಕದಿಂದ ಅದು ಸಾಮಾನ್ಯವಾಯಿತು. ಡ್ಯೂಕೋ ಕಾಲದಲ್ಲಿ ವ್ಯಾಕ್ಸ್ ಎಷ್ಟು ಅಗತ್ಯವಿತ್ತೋ ಅಷ್ಟು ಈಗ ಇಲ್ಲ. ಅಭ್ಯಾಸ ಮಾತ್ರ ಬಣ್ಣಕ್ಕಿಂತ ಹೆಚ್ಚು ಬಾಳಿಕೆ ಬಂದಿದೆ.

ನೀರಿನ ಲೆಕ್ಕವನ್ನು ಒಮ್ಮೆ ನಮ್ಮ ಮನೆಯಲ್ಲೇ ನೋಡಿದೆ. ನಲ್ಲಿಗೆ ಪೈಪು ಸಿಕ್ಕಿಸಿದರೆ 15 ಲೀಟರಿನ ಬಕೆಟ್ಟು ಒಂದು ನಿಮಿಷಕ್ಕೆ ತುಂಬಿತು. ಹತ್ತು ನಿಮಿಷ ಪೈಪು ಹಿಡಿದರೆ 150 ಲೀಟರ್. ಬಟ್ಟೆ ಅದ್ದಿ ಒರೆಸಿದರೆ ಎರಡು ಬಕೆಟ್ಟಿಗೆ, ಅಂದರೆ 30 ಲೀಟರಿಗೆ ಕೆಲಸ ಮುಗಿಯಿತು.

ಆ ಬರದ ಹಬ್ಬವಾಗಿ ಐದು ತಿಂಗಳಿಗೆ, 2024ರ ಮಾರ್ಚ್‌ನಲ್ಲಿ, ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತು ಮಾಡಿತು. ಅದೇ ತಿಂಗಳು ಆದೇಶ ಮೀರಿದ 22 ಮನೆಗಳಿಂದ 1.1 ಲಕ್ಷ ರೂಪಾಯಿ ವಸೂಲಾಯಿತು ಎಂಬ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಆ ನೀರು ಹೊರಡುವುದು ನಮ್ಮ ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ. ಸುಮಾರು 100 ಕಿಲೋಮೀಟರ್ ದೂರಕ್ಕೆ, ಮೂರು ಹಂತದಲ್ಲಿ ಎತ್ತಿ ಕಳಿಸಬೇಕು. 1974ರಲ್ಲಿ ಮೊದಲ ಹಂತ ಶುರುವಾಯಿತು. ಐದನೇ ಹಂತವನ್ನು ಅದೇ ಊರಿನಲ್ಲಿ 2024ರ ಅಕ್ಟೋಬರ್ 16ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಆಯುಧ ಪೂಜೆ ಮುಗಿದು ಐದು ದಿನವಾಗಿತ್ತು. ಆ ಸುದ್ದಿಗೆ ಹೋದವನು ವಾಪಸು ಬರುತ್ತ ಬೈಪಾಸಿನಲ್ಲಿ ನಿಲ್ಲಿಸಿದರೆ ವಾಟರ್ ಸರ್ವಿಸ್‌ನಲ್ಲಿ ಬೇರೆ ಹುಡುಗನಿದ್ದ. ಮೊದಲಿನವನ ನಂಬರ್ ಕೊಟ್ಟ.

ಫೋನು ಮಾಡಿದೆ. ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಕಾರು ಒರೆಸುತ್ತಿದ್ದಾನೆ. ಬೆಳಗ್ಗೆ ಐದರಿಂದ ಎಂಟೂವರೆಯೊಳಗೆ 18 ಕಾರು. ಪೈಪು ಮುಟ್ಟುವಂತಿಲ್ಲ, ಬಚ್ಚಲ ನೀರನ್ನು ಶುದ್ಧ ಮಾಡಿ ಕೊಡುವ ನೀರಿನಲ್ಲೇ ಆಗಬೇಕು, ಒಂದು ಬಕೆಟ್ಟಿಗೆ ಮೂರು ಕಾರು. ವ್ಯಾಕ್ಸ್ ಹಾಕುತ್ತೀಯಾ ಅಂತ ಕೇಳಿದೆ.

'ಇಲ್ಲಣ್ಣ, ಇಲ್ಲಿ ಎಲ್ಲ ಸೆರಾಮಿಕ್ ಅಂತಾರೆ. ಅದ್ನ ನಮ್ ಕೈಗೆ ಕೊಡಲ್ಲ.'

ಮರದ ವಿಷಯ ಹೇಳಿದೆ, ಎಲೆ ಕೊಯ್ಯುವವರ ವಿಷಯವನ್ನೂ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವ್ರಿಗೆ ಎಷ್ಟ್ ಕೊಡ್ತಾರಂತೆ ದಿನಕ್ಕೆ?' ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಲಿನ ಹುಣ್ಣು ಹೇಗಿದೆ ಎಂದೆ.

'ಅದು ವಾಸಿ ಆಯ್ತಣ್ಣ. ಈಗ ಬೆನ್ನು.'