ಕೊಡಲಿಯೂ ಒಡೆತನವೂ

ಕಾಡು ಉಳಿಯುವುದು ಸರ್ಕಾರದ ಕೈಯಲ್ಲೋ, ಖಾಸಗಿ ಒಡೆಯರ ಕೈಯಲ್ಲೋ ಎಂಬ ವಾದಕ್ಕೆ ಇನ್ನೂರು ವರ್ಷಗಳ ವಯಸ್ಸಾಗಿದೆ. ಮಲಬಾರಿನ ತೇಗದ ಕಥೆಯನ್ನು ಬಲ್ಲವರಿಗೆ ಎರಡೂ ಪಕ್ಷಗಳ ಮಾತು ಅರ್ಧ ಸತ್ಯವೆಂದೇ ತೋರುತ್ತದೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹಡಗು ಕಟ್ಟುವ ಓಕ್ ಮರ ಇಂಗ್ಲೆಂಡಿನಲ್ಲಿ ವಿರಳವಾಯಿತು. ನೌಕಾಪಡೆಯ ಕಣ್ಣು ಮಲಬಾರಿನ ತೇಗದ ಮೇಲೆ ಬಿದ್ದಿತು. 1806ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತು. ಹೆಸರು ಸಂರಕ್ಷಕ, ಕೆಲಸ ಮಾತ್ರ ಅಗ್ಗದ ದಿಮ್ಮಿಗಳನ್ನು ಒದಗಿಸುವುದು. ಮರದ ವ್ಯಾಪಾರ ಕಂಪನಿಯ ಏಕಸ್ವಾಮ್ಯವಾಯಿತು. ನೆಲದ ಒಡೆಯರಾದ ಜನ್ಮಿಗಳೂ ವರ್ತಕರೂ ಮೊರೆಯಿಟ್ಟರು. ಹಿಂದೊಮ್ಮೆ ನಮ್ಮ ಕೆನರಾದ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಮದರಾಸಿನ ಗವರ್ನರನಾಗಿದ್ದಾಗ, 1823ರಲ್ಲಿ, ಆ ಹುದ್ದೆಯೇ ರದ್ದಾಯಿತು.

ಒಡೆಯರಿಗೆ ನ್ಯಾಯ ದೊರೆಯಿತು, ಕಾಡಿಗೆ ದೊರೆಯಲಿಲ್ಲ. ವರ್ತಕರ ಕೊಡಲಿ ಎಳೆಯ ಮರಗಳನ್ನೂ ಬಿಡಲಿಲ್ಲ. ಹಡಗುಕಟ್ಟೆಗೆ ತೇಗ ಸಾಲದಾದಾಗ, 1840ರ ದಶಕದಲ್ಲಿ, ಕಲೆಕ್ಟರ್ ಕೊನೊಲಿ ನೀಲಂಬೂರಿನಲ್ಲಿ ಗುತ್ತಿಗೆಗೆ ಪಡೆದ ನೆಲದ ಮೇಲೆ ತೇಗದ ನೆಡುತೋಪನ್ನು ಆರಂಭಿಸಿದನು. ಸಸಿಗಳನ್ನು ಬೆಳೆಸುವ ಕಷ್ಟದ ಕೆಲಸವನ್ನು ನಿರ್ವಹಿಸಿದವನು ಚಾತು ಮೇನೋನ್. ನೆಲ ಒಡೆಯರದು, ತಾಳ್ಮೆ ಸರ್ಕಾರದ್ದು.

ತೇಗ ಬಲಿಯಲು ಅರವತ್ತು ವರ್ಷಗಳಾದರೂ ಬೇಕು. 1855ರಲ್ಲಿ ಕೊನೊಲಿ ಕೊಲೆಯಾದನು. ಅವನ ಹೆಸರಿನ ತೋಪಿನಲ್ಲಿ ಆ ಕಾಲದ ತೇಗಗಳು ಇಂದಿಗೂ ನಿಂತಿವೆ. 1971ರಲ್ಲಿ ಕೇರಳವು ಖಾಸಗಿ ಕಾಡುಗಳನ್ನು ಸರ್ಕಾರಕ್ಕೆ ಸೇರಿಸುವ ಕಾನೂನು ಮಾಡಿತು. ಒಡೆತನದ ಚಕ್ರ ಮತ್ತೊಂದು ಸುತ್ತು ತಿರುಗಿತು. ಒಡೆಯನ ಹೆಸರು ಬದಲಾದರೆ ಕೊಡಲಿಯ ಹಿಡಿ ಬದಲಾದೀತು, ಅಲಗು ಬದಲಾಗದು. ಕಾಡು ಯಾರದೆಂದು ಕೇಳುವ ಮೊದಲು, ಅರವತ್ತು ವರ್ಷ ಕಾಯುವ ಹೊಣೆ ಯಾರದೆಂದು ಕೇಳಬೇಕು.